ಪೊಲೀಸ್ ಎಂಬ ಬಹುವಚನ

ಆರನೇ ಕ್ಲಾಸಿನಲ್ಲಿ ಇಂಗ್ಲಿಷ್ ಮೇಷ್ಟ್ರು ಬೋರ್ಡಿನ ಮೇಲೆ ‘ಮೈ ಫಾದರ್’ ಎಂದು ಬರೆದು, ಐದು ವಾಕ್ಯ ಬರೆಯಿರಿ ಅಂದರು. ನಮಗೆಲ್ಲ ಇಂಗ್ಲಿಷ್ ಶುರುವಾಗುತ್ತಿದ್ದದ್ದೇ ಐದನೇ ಕ್ಲಾಸಿಗೆ. ಎಬಿಸಿಡಿ ಕಲಿತು ಒಂದೂವರೆ ವರ್ಷ ಆಗಿತ್ತೋ ಇಲ್ಲವೋ. ಐದು ವಾಕ್ಯ ಅಂದರೆ ಐದು ಮೈಲಿ ನಡೆದ ಹಾಗೆ. ನನಗೆ ಮಾತ್ರ ಮೊದಲನೆಯದು ಸಲೀಸಾಗಿ ಬಂತು. ‘ಮೈ ಫಾದರ್ ಈಸ್ ಎ ಪೊಲೀಸ್’ ಎಂದು ಬರೆದು, ಪಕ್ಕದವಳಿಗೂ ಕಾಣಲಿ ಎಂದು ಪುಸ್ತಕವನ್ನು ಸ್ವಲ್ಪ ಅತ್ತ ಸರಿಸಿಟ್ಟೆ. ಅವಳಪ್ಪ ಸೊಸೈಟಿಯಲ್ಲಿ ಗುಮಾಸ್ತರು. ಕ್ಲರ್ಕ್ ಎಂಬುದಕ್ಕೆ ಸ್ಪೆಲ್ಲಿಂಗ್ ತೋಚದೆ ಅವಳು ಪೆನ್ಸಿಲ್ ಕಚ್ಚುತ್ತಿದ್ದಳು.

ಮೇಷ್ಟ್ರು ನನ್ನ ‘ಎ’ ಅಕ್ಷರಕ್ಕೆ ಕೆಂಪು ಸುತ್ತು ಹಾಕಿದರು.

“ಒಬ್ಬ ಮನುಷ್ಯ ಪೊಲೀಸ್ ಆಗಕ್ಕಾಗಲ್ಲ ಕಣಮ್ಮ. ಪೊಲೀಸ್ ಅಂದ್ರೆ ಬಹುವಚನ. ಕ್ಯಾಟಲ್ ಇದೆಯಲ್ಲ, ಹಂಗೆ. ಎ ಕ್ಯಾಟಲ್ ಅಂತೀವಾ? ಅನ್ನಲ್ಲ. ಎ ಪೊಲೀಸ್ ಅಂತಾನೂ ಅನ್ನಲ್ಲ. ಪೊಲೀಸ್‌ಮ್ಯಾನ್ ಅಂತ ಬರಿ. ಇಲ್ಲಾ ಕಾನ್‌ಸ್ಟೇಬಲ್ ಅಂತ ಬರಿ.”

ಕ್ಯಾಟಲ್ ಅಂದರೆ ದನಕರು ಎಂದು ಹಿಂದಿನ ವಾರವಷ್ಟೇ ಕಲಿತಿದ್ದೆವು. ಹಿಂದಿನ ಬೆಂಚಿನವನೊಬ್ಬ ಎದ್ದುನಿಂತು, “ಸಾ, ದನಕ್ಕೂ ಪೊಲೀಸ್ಗೂ ಒಂದೇ ಗ್ರಾಮರ್ರಾ ಸಾ?” ಎಂದು ಕೇಳಿದ. ಕೇಳಿದ್ದು ನಿಜವಾದ ಅನುಮಾನದಿಂದಲೇ. ಆದರೆ ಕ್ಲಾಸು ನಕ್ಕಿತು, ಮೇಷ್ಟ್ರೂ ನಕ್ಕರು. ಆಮೇಲೆ ಒಂದು ತಿಂಗಳು ನನ್ನನ್ನು ಕಂಡರೆ ಹುಡುಗರು ಹೊಳೆದಂಡೆಯಲ್ಲಿ ದನ ಅಟ್ಟುವ ಸದ್ದು ಮಾಡುತ್ತಿದ್ದರು.

ನಾವಿದ್ದದ್ದು ಹಾಸನ ಜಿಲ್ಲೆಯ ಒಂದು ಸಣ್ಣ ಊರಿನ ಪೊಲೀಸ್ ಲೈನಿನಲ್ಲಿ. ಹೆಂಚಿನ ಮನೆಗಳು, ಒಂದೇ ಸಾಲು, ಎಲ್ಲಕ್ಕೂ ಒಂದೇ ಬಣ್ಣ, ಬಾಗಿಲ ಮೇಲೆ ನಂಬರು. ಸಂಜೆ ಮನೆಗೆ ಬಂದಾಗ ಅಪ್ಪ ಜಗಲಿಯ ಮೇಲೆ ಕೂತು ಬೆಲ್ಟಿನ ಬಕಲಿಗೆ ಬ್ರಾಸೋ ಹಾಕಿ ತಿಕ್ಕುತ್ತಿದ್ದರು. ನಾನು ಅಳು ಬರುವ ದನಿಯಲ್ಲಿ, “ಅಪ್ಪ, ನೀನೊಬ್ನೇ ಪೊಲೀಸ್ ಆಗಕ್ಕಾಗಲ್ವಂತೆ” ಎಂದೆ.

“ಸರಿಯಾಗೇ ಹೇಳವ್ರೆ. ನಾನೊಬ್ನೇ ಹೆಂಗಾಯ್ತೀನವ್ವ? ಸ್ಟೇಷನ್ನಲ್ಲಿ ಇಪ್ಪತ್ತೆರಡು ಜನ ಇದೀವಿ” ಅಂದರು ಅಪ್ಪ, ಬಕಲಿನಿಂದ ಕಣ್ಣೆತ್ತದೆ. ಒಳಗಿನಿಂದ ಅಮ್ಮ, “ಈ ಮನೆಗೆ ಒಬ್ರೇ ಸಾಕು” ಅಂದರು.

ಈಗ ನಾನೇ ಇಂಗ್ಲಿಷ್ ಮೇಡಂ. ಸರ್ಕಾರಿ ಹೈಸ್ಕೂಲಿನಲ್ಲಿ ಇಪ್ಪತ್ತು ವರ್ಷಕ್ಕೂ ಮೇಲೆ ಇದೇ ಗ್ರಾಮರ್ ಹೇಳಿಕೊಟ್ಟಿದ್ದೇನೆ. ಮೇಷ್ಟ್ರು ಹೇಳಿದ್ದು ತಪ್ಪಲ್ಲ. ಶಿಷ್ಟ ಇಂಗ್ಲಿಷಿನಲ್ಲಿ ‘ದ ಪೊಲೀಸ್ ಆರ್’ ಎನ್ನಬೇಕು, ‘ದ ಪೊಲೀಸ್ ಈಸ್’ ಎನ್ನಬಾರದು. ಪರೀಕ್ಷೆಯಲ್ಲಿ ಒಂದು ಅಂಕಕ್ಕೆ ಬರುತ್ತದೆ, ಹಾಗಾಗಿ ಮಕ್ಕಳು ಬಾಯಿಪಾಠ ಮಾಡುತ್ತಾರೆ. ಆದರೆ ಯಾಕೆ ಎಂದು ಕೇಳುವ ಮಗು ವರ್ಷಕ್ಕೊಂದಾದರೂ ಇರುತ್ತದೆ, ಆಗ ಕಷ್ಟ. ಟೀಮ್, ಕಮಿಟಿ, ಆರ್ಮಿ ಇವೂ ಗುಂಪಿನ ಪದಗಳೇ. ಅವಕ್ಕೆಲ್ಲ ಏಕವಚನ ನಡೆಯುತ್ತದೆ. ಒಂದು ಆರ್ಮಿ, ಎರಡು ಆರ್ಮಿಗಳು ಎಂದು ಎಣಿಸಲೂಬಹುದು. ಪೊಲೀಸ್ ಎಂಬ ಪದವನ್ನು ಹಾಗೆ ಎಣಿಸಲು ಬರುವುದಿಲ್ಲ. ಹಿಂದೆ ‘ಫೋರ್ಸ್’ ಎಂದೋ ‘ಡಿಪಾರ್ಟ್‌ಮೆಂಟ್’ ಎಂದೋ ಒಂದು ಬಾಲ ಅಂಟಿಸಿದರೆ ತಕ್ಷಣ ಏಕವಚನವಾಗುತ್ತದೆ. ಬಾಲ ಕಿತ್ತರೆ ಮತ್ತೆ ಜನಜಂಗುಳಿ.

ಕನ್ನಡದ ಮಕ್ಕಳು ‘ಎ ಪೊಲೀಸ್’ ಎಂದು ಬರೆಯುವುದಕ್ಕೆ ಕಾರಣ ಸರಳ. ನಮ್ಮಲ್ಲಿ ಒಬ್ಬರೂ ಪೊಲೀಸೇ, ಹತ್ತು ಜನರೂ ಪೊಲೀಸೇ, ಇಲಾಖೆಯೂ ಪೊಲೀಸೇ. ಇದರ ಜೊತೆಗೆ ಇಂಗ್ಲಿಷಿನವರಿಗೆ ಇಲ್ಲದ ಇನ್ನೊಂದು ತೊಡಕು ನಮಗಿದೆ. ‘ಪೊಲೀಸ್ನೋರು ಬಂದವ್ರೆ’ ಅಂದರೆ ಎಷ್ಟು ಜನ ಬಂದಿದ್ದಾರೆ? ಜೀಪಿನ ತುಂಬ ಬಂದಿರಬಹುದು, ಸೈಕಲ್ ಮೇಲೆ ಒಬ್ಬರೇ ಸಮನ್ಸ್ ಹಿಡಿದು ಬಂದಿರಬಹುದು. ನಮ್ಮ ಬಹುವಚನದೊಳಗೆ ಮರ್ಯಾದೆಯೂ ಇದೆ, ಭಯವೂ ಇದೆ. ಆ ಒಬ್ಬರು ಸೈಕಲ್ ಹತ್ತಿ ಊರ ಬೇಲಿ ದಾಟಿದ ಮೇಲೆ ಅದೇ ಜನ, ‘ಯಾವನೋ ಪೊಲೀಸ್ನೋನು ಬಂದಿದ್ದ’ ಅನ್ನುತ್ತಾರೆ. ನಮ್ಮಪ್ಪ ದಿನಕ್ಕೆ ನಾಲ್ಕು ಸಲ ಬಹುವಚನವಾಗಿ, ನಾಲ್ಕು ಸಲ ಏಕವಚನವಾಗುತ್ತಿದ್ದರು. ಸ್ಟೇಷನ್ನಿನ ಒಳಗೆ ಸಬ್‌ಇನ್‌ಸ್ಪೆಕ್ಟರು ಕರೆಯುವುದಂತೂ ಹೆಸರು ಹಿಡಿದೂ ಅಲ್ಲ, ನಂಬರು ಹಿಡಿದು. “ಇನ್ನೂರಾ ಹದಿನಾಲ್ಕು, ಬಾರೋ ಇಲ್ಲಿ.” ಒಬ್ಬನನ್ನು ಕರೆಯಲು ಅಷ್ಟು ದೊಡ್ಡ ಸಂಖ್ಯೆ.

ಹೆಸರುಗಳು ಬೇಕಾದಷ್ಟಿದ್ದವು. ಸಂತೆಯ ಮುದುಕಿಯರಿಗೆ ಅಪ್ಪ ‘ಪೊಲೀಸಪ್ಪ’. ಇದು ನನಗೆ ಬಹಳ ಇಷ್ಟದ ಪದ. ಊರಿನವರು ದೇವರಿಗೆ, ಮಳೆಗೆ, ಹಾವಿಗೆ ಅಂಟಿಸುವ ‘ಅಪ್ಪ’ನನ್ನೇ ಇಲ್ಲಿಗೂ ಅಂಟಿಸಿದ್ದಾರೆ. ಬೆಂಗಳೂರಿಗೆ ಬಂದ ಮೇಲೆ ಹುಡುಗರ ಬಾಯಲ್ಲಿ ‘ಮಾಮ’ ಕೇಳಿದೆ. ‘ಸಿಗ್ನಲ್ಲಲ್ಲಿ ಮಾಮ ನಿಂತವ್ನೆ, ಹೆಲ್ಮೆಟ್ ಹಾಕ್ಕೊ.’ ಪತ್ರಿಕೆಗಳಿಗೆ ‘ಖಾಕಿ’. ಖಾಕಿ ಅಂದರೆ ಧೂಳಿನ ಬಣ್ಣದ್ದು, ಪರ್ಷಿಯನ್ನಿನ ‘ಖಾಕ್’ನಿಂದ ಬಂದದ್ದು. ಇನ್ನು ಪೋಲಿಗೂ ಪೋಲೀಸಿಗೂ ಇರುವ ಒಂದಕ್ಷರದ ಅಂತರವನ್ನು ಹೇಳಿ ನಗದ ಕನ್ನಡಿಗರಿಲ್ಲ. ನಾನು ಆ ನಗೆಹನಿಯನ್ನು ಮದುವೆಮನೆಗಳಲ್ಲಿ ಎಷ್ಟು ಸಲ ಕೇಳಿದ್ದೇನೆಂದರೆ, ಹೇಳುವವರು ಬಾಯಿ ತೆರೆಯುವ ಮೊದಲೇ ನಕ್ಕುಬಿಡುತ್ತೇನೆ. ಬೇಗ ಮುಗಿಯುತ್ತದೆ.

ಸ್ಟೇಷನ್ನಿನ ಬೋರ್ಡಿನ ಮೇಲೆ ಮಾತ್ರ ‘ಆರಕ್ಷಕ ಠಾಣೆ’. ಆರಕ್ಷಕ ಎಂದು ಯಾರೂ ಯಾರನ್ನೂ ಕರೆದದ್ದನ್ನು ನಾನು ಕೇಳಿಲ್ಲ. ಅಪ್ಪನಿಗೆ ಅದು ಕಂಪನಿ ನಾಟಕದ ಪಾತ್ರದ ಹೆಸರಿನ ಹಾಗೆ ಕೇಳಿಸುತ್ತಿತ್ತಂತೆ. ಮೇಷ್ಟ್ರ ಸಮಸ್ಯೆಗೆ ಪರಿಹಾರವಿದ್ದದ್ದು ಅದರಲ್ಲೇ, ಯಾಕೆಂದರೆ ಆರಕ್ಷಕನಿಗೆ ಏಕವಚನವಿದೆ.

ಅಪ್ಪನಿಗೆ ಹಿಡಿಸದೇ ಇದ್ದ ಪದವೆಂದರೆ ‘ಪೇದೆ’. ಉತ್ತರ ಕರ್ನಾಟಕದ ಕಡೆ ಪ್ಯಾದೆ ಅನ್ನುತ್ತಾರೆ. ಮೂಲ ಪರ್ಷಿಯನ್ನಿನ ‘ಪಿಯಾದಾ’, ಕಾಲ್ನಡಿಗೆಯವನು, ಕಾಲಾಳು. ಚದುರಂಗದಲ್ಲಿ ಮುಂದಿನ ಸಾಲಿನಲ್ಲಿ ನಿಂತು ಮೊದಲು ಸಾಯುವ ಕಾಯಿಯೂ ಪ್ಯಾದೆಯೇ. ಇಂಗ್ಲಿಷಿನಲ್ಲಿ ಆ ಕಾಯಿಗೆ ಪಾನ್ ಅನ್ನುತ್ತಾರಲ್ಲ, ಅದೂ ಲ್ಯಾಟಿನ್ನಿನ ಪಾದದಿಂದಲೇ ಹುಟ್ಟಿದ್ದು. ಆಫೀಸಿನಲ್ಲಿ ಬೆಲ್ ಹೊಡೆದರೆ ಬರುವ ಪ್ಯೂನ್ ಕೂಡ ಅದೇ ಬಳಗದವನು, ಪೋರ್ಚುಗೀಸರ ಕಡೆಯಿಂದ ಬಂದವನು. ಪೇದೆ, ಪಾನ್, ಪ್ಯೂನ್, ಮೂವರೂ ನಡೆಯುವವರು. ಕುದುರೆ ಬೇರೆಯವರದ್ದು.

ಕಾನ್‌ಸ್ಟೇಬಲ್ ಪದದ ಕತೆ ಇದಕ್ಕೆ ತಿರುಗುಮುರುಗು. ಅದರ ಮೂಲ ಲ್ಯಾಟಿನ್ನಿನ ‘ಕೋಮೆಸ್ ಸ್ಟಾಬುಲಿ’. ಅಂದರೆ ರಾಜನ ಕುದುರೆ ಲಾಯದ ಒಡೆಯ, ದೊಡ್ಡ ಹುದ್ದೆ. ಇಂಗ್ಲೆಂಡಿನಲ್ಲಿ ಅದರ ಗತ್ತು ಇನ್ನೂ ಪೂರ್ತಿ ಇಳಿದಿಲ್ಲ. ಅಲ್ಲಿ ಹೆಚ್ಚಿನ ಪೊಲೀಸ್ ಪಡೆಗಳ ಮುಖ್ಯಸ್ಥರ ಪದನಾಮ ಚೀಫ್ ಕಾನ್‌ಸ್ಟೇಬಲ್. ಹೊಸದಾಗಿ ಸೇರಿದವರಿಂದ ಹಿಡಿದು ಆ ಮುಖ್ಯಸ್ಥರವರೆಗೆ ಎಲ್ಲರೂ ಕಾನೂನಿನ ಕಣ್ಣಲ್ಲಿ ಕಾನ್‌ಸ್ಟೇಬಲ್‌ಗಳೇ. ನಮ್ಮಲ್ಲಿ ಅದೇ ಪದ ಏಣಿಯ ಕಟ್ಟಕಡೆಯ ಮೆಟ್ಟಿಲು. ಬಿಎ ಓದುವಾಗ ನಿಘಂಟಿನಲ್ಲಿ ಇದನ್ನು ಕಂಡು, ರಜೆಗೆ ಊರಿಗೆ ಹೋದಾಗ ಅಪ್ಪನಿಗೆ ಹೇಳಿದ್ದೆ. ಕುದುರೆ ಲಾಯ ಎಂಬಷ್ಟನ್ನು ಮಾತ್ರ ಅವರು ಹಿಡಿದುಕೊಂಡರು. “ಲದ್ದಿ ಬಾಚೋ ಕೆಲಸ ಅಂತ ಮೊದ್ಲೇ ಗೊತ್ತಿತ್ತು” ಎಂದರು.

ಆ ನಿಘಂಟಿನ ಹುಚ್ಚು ಆಮೇಲೆ ಬಿಡಲಿಲ್ಲ. ಪೊಲೀಸ್ ಎಂಬ ಪದ ಗ್ರೀಕಿನ ‘ಪೋಲಿಸ್’ ಅಂದರೆ ನಗರ, ಅದರಿಂದ ಹೊರಟದ್ದು. ಪಾಲಿಟಿಕ್ಸ್, ಪಾಲಿಸಿ ಇದರ ಅಕ್ಕತಂಗಿಯರು. ಲ್ಯಾಟಿನ್ ದಾಟಿ, ಫ್ರೆಂಚ್ ದಾಟಿ ಇಂಗ್ಲಿಷಿಗೆ ಬಂದಾಗಲೂ ಮೊದಲು ಅದರ ಅರ್ಥ ಊರಿನ ಆಡಳಿತ, ವ್ಯವಸ್ಥೆ ಎಂದಷ್ಟೇ. ಮನುಷ್ಯರಿಗೆ ಅದು ಹೆಸರಾದದ್ದು ತಡವಾಗಿ. ಹದಿನೆಂಟನೇ ಶತಮಾನದ ಇಂಗ್ಲಿಷರಿಗೆ ಇದು ಫ್ರೆಂಚರ ಪದ, ಫ್ರೆಂಚ್ ರಾಜನ ಗೂಢಚಾರರ ವಾಸನೆಯ ಪದ. ಹಾಗಾಗಿ 1829ರಲ್ಲಿ ರಾಬರ್ಟ್ ಪೀಲ್ ಲಂಡನ್ನಿನಲ್ಲಿ ಮೆಟ್ರೊಪಾಲಿಟನ್ ಪೊಲೀಸ್ ಕಟ್ಟಿದಾಗ ಜನರಿಗೆ ಗಾಬರಿಯಾಗಬಾರದೆಂದು ಬಹಳ ಎಚ್ಚರಿಕೆ ವಹಿಸಿದರು. ಸೈನಿಕರ ಕೆಂಪು ಕೋಟು ಬೇಡ ಎಂದು ನೀಲಿ ಕೋಟು ಕೊಟ್ಟರು. ತಲೆಗೆ ಸಾಮಾನ್ಯ ಗೃಹಸ್ಥರು ಹಾಕುವ ಉದ್ದನೆಯ ಹ್ಯಾಟು. ಕೈಗೆ ಬಂದೂಕಿಲ್ಲ, ಮರದ ದೊಣ್ಣೆ. ಕಾಲರಿನ ಮೇಲೆ ನಂಬರು. ಜನ ಪೀಲ್‌ನಿಂದ ‘ಪೀಲರ್’ ಎಂದೂ, ರಾಬರ್ಟ್‌ನ ಮುದ್ದು ಹೆಸರಿನಿಂದ ‘ಬಾಬಿ’ ಎಂದೂ ಕರೆದರು. ‘ಕಾಪ್’ ಇನ್ನೂ ಸ್ವಲ್ಪ ಆಮೇಲಿನದು. ಕಾಪ್ ಅಂದರೆ ಹಿಡಿ ಎಂಬ ಹಳೆಯ ಕ್ರಿಯಾಪದ. ಹಿಡಿಯುವವನು ಕಾಪರ್, ಅದು ಮೊಟಕಾಗಿ ಕಾಪ್. ತಾಮ್ರದ ಗುಂಡಿಯಿಂದ ಬಂತು, ‘ಕಾನ್‌ಸ್ಟೇಬಲ್ ಆನ್ ಪೆಟ್ರೋಲ್’ ಎಂಬುದರ ಮೊದಲಕ್ಷರಗಳಿಂದ ಬಂತು ಎಂಬುದೆಲ್ಲ ವಾಟ್ಸಾಪಿಗೂ ಮುಂಚಿನ ವಾಟ್ಸಾಪ್ ವಿದ್ವತ್ತು. ನನ್ನ ಸಹೋದ್ಯೋಗಿಯೊಬ್ಬರು ಈಗಲೂ ಇದನ್ನು ಕ್ಲಾಸಿನಲ್ಲಿ ಹೇಳುತ್ತಾರೆ. ನಾನು ಎರಡು ಸಲ ಹೇಳಿ ಸುಮ್ಮನಾದೆ.

ಇಂಗ್ಲಿಷರು ತಮ್ಮ ಊರಿಗೆ ಬಾಬಿಯನ್ನು ಇಟ್ಟುಕೊಂಡು ನಮಗೆ ಕಳಿಸಿದ್ದು ಬೇರೆಯೇ ಸಾಮಾನು. 1857ರ ದಂಗೆಯ ಬಳಿಕ ಬಂದದ್ದು 1861ರ ಪೊಲೀಸ್ ಕಾಯ್ದೆ. ಅದಕ್ಕೆ ಮಾದರಿಯಾದದ್ದು ಲಂಡನ್ನಿನ ಪೊಲೀಸರಲ್ಲ, ಐರ್ಲೆಂಡಿನ ಕಾನ್‌ಸ್ಟ್ಯಾಬ್ಯುಲರಿ. ಬಂದೂಕು ಹಿಡಿದ, ಬ್ಯಾರಕ್ಕುಗಳಲ್ಲಿ ವಾಸಿಸುವ, ಆಳಿಸಿಕೊಳ್ಳುವ ಜನರನ್ನು ಅದುಮಿಡಲು ಕಟ್ಟಿದ ಪಡೆ ಅದು. ಐರ್ಲೆಂಡಿನವರು ಸ್ವಾತಂತ್ರ್ಯ ಬಂದ 1922ರಲ್ಲಿ ಪಡೆಯನ್ನೂ ಬದಲಿಸಿದರು, ಹೆಸರನ್ನೂ ಬದಲಿಸಿದರು. ಅವರದ್ದು ಈಗ ‘ಗಾರ್ಡಾ ಶೀಖಾನಾ’, ಶಾಂತಿಯ ಕಾವಲುಗಾರರು. ಅವರ ಭಾಷೆಯಲ್ಲಿ ಒಬ್ಬನಾದರೆ ಗಾರ್ಡಾ, ಹಲವರಾದರೆ ಗಾರ್ಡೀ. ನಾವು ಕಾಯ್ದೆಯನ್ನೂ ಇಟ್ಟುಕೊಂಡೆವು, ಪದವನ್ನೂ ಇಟ್ಟುಕೊಂಡೆವು. ನಮ್ಮ ರಾಜ್ಯಕ್ಕೆ 1963ರ ಪ್ರತ್ಯೇಕ ಕಾಯ್ದೆ ಬಂತಾದರೂ ಲೈನಿನ ಮನೆಗಳ ಹೆಂಚು ಬದಲಾಗಲಿಲ್ಲ.

ಆ 1861ರ ಕಾಯ್ದೆಯನ್ನು ಒಮ್ಮೆ ಕುತೂಹಲಕ್ಕೆ ತೆರೆದು ನೋಡಿದೆ. ಮೊದಲನೇ ಸೆಕ್ಷನ್ನಿನಲ್ಲೇ ಪದಗಳ ಅರ್ಥ ಕೊಟ್ಟಿದ್ದಾರೆ. ‘ಪೊಲೀಸ್’ ಅಂದರೆ ಈ ಕಾಯ್ದೆಯಡಿ ಸೇರಿಸಿಕೊಂಡ ಎಲ್ಲರೂ ಎಂದಿದೆ. ಇಲ್ಲೂ ಗುಂಪೇ, ಒಬ್ಬನಿಲ್ಲ. ಅದೇ ಸೆಕ್ಷನ್ನಿನಲ್ಲಿ ಸ್ವಲ್ಪ ಕೆಳಗೆ ಇಳಿದರೆ ‘ಕ್ಯಾಟಲ್’! ಕೊಂಬಿನ ದನಗಳಷ್ಟೇ ಅಲ್ಲ, ಆನೆ, ಒಂಟೆ, ಕುದುರೆ, ಕತ್ತೆ, ಹೇಸರಗತ್ತೆ, ಕುರಿ, ಮೇಕೆ, ಹಂದಿ ಎಲ್ಲ ಅದರಲ್ಲಿ ಸೇರುತ್ತವೆ ಎಂದು ಬರೆದಿದ್ದಾರೆ. ಮಧ್ಯರಾತ್ರಿ ಒಬ್ಬಳೇ ಕೂತು ನಕ್ಕೆ. ಹಿಂದಿನ ಬೆಂಚಿನ ಆ ಹುಡುಗ ಈಗ ತಿಪಟೂರಿನ ಕಡೆ ಕೊಬ್ಬರಿ ವ್ಯಾಪಾರದಲ್ಲಿದ್ದಾನೆ. ಫೋನ್ ಮಾಡಿ ಹೇಳಬೇಕೆನ್ನಿಸಿತು. ಹೊತ್ತಾಗಿತ್ತು, ಮಾಡಲಿಲ್ಲ.

ಕೊಬ್ಬರಿ ಅಂದದ್ದಕ್ಕೆ ನೆನಪಾಯಿತು. ನೆನಪಾಯಿತು ಎನ್ನುವುದು ಸುಳ್ಳು, ಹೇಳಬೇಕೋ ಬೇಡವೋ ಎಂದು ಮೊದಲಿನಿಂದ ಯೋಚಿಸುತ್ತಿದ್ದೆ.

ನಾನು ಎಂಟನೇ ಕ್ಲಾಸಿನಲ್ಲಿದ್ದಾಗ ಕೊಬ್ಬರಿಗೆ ಬೆಲೆ ಬಿದ್ದು ನಮ್ಮೂರಲ್ಲಿ ರೈತರು ರಸ್ತೆ ತಡೆ ಮಾಡಿದರು. ಮಧ್ಯಾಹ್ನದ ಹೊತ್ತಿಗೆ ಗಲಾಟೆಯಾಯಿತು. ಮಾರನೆಯ ದಿನದ ಪೇಪರಿನಲ್ಲಿ ‘ಗುಂಪು ಚದುರಿಸಲು ಪೊಲೀಸರಿಂದ ಲಘು ಲಾಠಿ ಪ್ರಹಾರ’ ಎಂದಿತ್ತು. ಲಾಠಿ ಪ್ರಹಾರ ಎಂಬುದು ನಮ್ಮ ಪತ್ರಿಕೆಗಳಲ್ಲಿ ಬಹುಪಾಲು ಲಘುವಾಗಿಯೇ ಇರುತ್ತದೆ. ಇಂಗ್ಲಿಷಿನವೂ ಹಾಗೇ, ‘ಮೈಲ್ಡ್ ಲಾಠಿ ಚಾರ್ಜ್’. ತೂಕ ಹಾಕಿದವರು ಯಾರು? ಅಂದು ಒಬ್ಬ ಮುದುಕರ ಮುಂಗೈ ಮುರಿದಿತ್ತು. ಅವರ ಊರು ಅಮ್ಮನ ತವರಿನ ಪಕ್ಕದ್ದೇ.

ಎಂಟು ದಿನ ಕಳೆದ ಮೇಲೆ ಅದೇ ಪೇಪರಿನ ಒಳಪುಟದಲ್ಲಿ ಎರಡೇ ಪದದ ತಲೆಬರಹ, ‘ಪೇದೆ ಅಮಾನತು’. ಕೆಳಗೆ ನಾಲ್ಕು ಸಾಲು, ಅದರಲ್ಲಿ ಅಪ್ಪನ ಹೆಸರು. ಯಾರೋ ನಂಬರು ಓದಿದ್ದರಂತೆ.

ಆವತ್ತಿನಿಂದ ಕನ್ನಡ ಪತ್ರಿಕೆಗಳ ವ್ಯಾಕರಣವನ್ನು ಬೇರೆ ಥರ ಓದುವುದು ನನಗೆ ಚಟವಾಗಿಬಿಟ್ಟಿದೆ. ಆರೋಪಿಗಾಗಿ ಬಲೆ ಬೀಸುವವರು ಪೊಲೀಸರು. ಸ್ಥಳಕ್ಕೆ ಧಾವಿಸಿ ಪರಿಸ್ಥಿತಿಯನ್ನು ಹತೋಟಿಗೆ ತರುವವರು ಪೊಲೀಸರು. ದೂರು ದಾಖಲಿಸಿಕೊಂಡು ತನಿಖೆ ಕೈಗೊಳ್ಳುವವರೂ ಪೊಲೀಸರೇ. ಲಂಚ ತೆಗೆದುಕೊಂಡು ಸಿಕ್ಕಿಬಿದ್ದಾಗ, ಕುಡಿದು ಬಿದ್ದಾಗ, ಅಮಾನತಾದಾಗ ಮಾತ್ರ ‘ಪೇದೆ’. ಬಹುವಚನ ಕೆಲಸ ಮಾಡುತ್ತದೆ, ಏಕವಚನ ತಪ್ಪು ಮಾಡುತ್ತದೆ. ಸಂಶಯವಿದ್ದವರು ಒಂದು ವಾರದ ಪೇಪರನ್ನು ಇಟ್ಟುಕೊಂಡು ನೋಡಬಹುದು.

ಅಪ್ಪ ನಾಲ್ಕು ತಿಂಗಳು ಮನೆಯಲ್ಲಿದ್ದರು, ಅರ್ಧ ಸಂಬಳ. ಲೈನಿನಲ್ಲಿ ಪಕ್ಕದ ಮನೆಯವರು ಜಗಲಿಗೆ ಬಂದು ಕೂರುವುದನ್ನು ಬಿಟ್ಟರು. ಒಂದು ರಾತ್ರಿ ಅಮ್ಮ ತಡೆಯಲಾರದೆ ಕೇಳಿಯೇಬಿಟ್ಟರು. “ನೀವು ಹೊಡುದ್ರೋ ಇಲ್ವೋ, ಅಷ್ಟು ಹೇಳಿ.”

ಅಪ್ಪ ಸ್ವಲ್ಪ ಹೊತ್ತು ಬಿಟ್ಟು, “ಹೊಡುದ್ವಿ” ಅಂದರು.

“ಹೊಡುದ್ವಿ ಅಂದ್ರೆ?”

“ಎಲ್ಲಾರೂ ಹೊಡುದ್ವಿ. ನಾನೂ ಹೊಡ್ದೆ. ಆ ಅಜ್ಜಯ್ಯನ ಕೈಗೆ ಬಿದ್ದಿದ್ದು ಯಾರ್ದು ಅಂತ ನಂಗೊತ್ತಿಲ್ಲ. ನಂದೇ ಇರ್ಬೌದು.”

ಗೋಡೆಯ ಕಡೆ ತಿರುಗಿ ಮಲಗಿದ್ದ ನಾನು ಇದನ್ನು ಕೇಳಿಸಿಕೊಂಡೆ. ಅಪ್ಪ ನಿರಪರಾಧಿ, ಬಲಿಪಶು ಎಂದು ಬರೆದುಕೊಳ್ಳುವ ಆಸೆ ನನಗೆ ಎಷ್ಟೋ ಸಲ ಬಂದಿದೆ. ಬರೆಯಲು ಬಿಡುವುದಿಲ್ಲ ಆ ‘ನಾನೂ ಹೊಡ್ದೆ’. ಹಾಗೆಂದು ‘ಪೇದೆ ಅಮಾನತು’ ಎಂಬುದು ನಿಜವನ್ನು ಹೇಳಿತೆಂದೂ ಒಪ್ಪಲಾರೆ. ಹೊಡೆಯಿರಿ ಎಂದವರ ನಂಬರನ್ನು ಯಾರೂ ಓದಿರಲಿಲ್ಲ. ಅವರಿಗೆ ನಂಬರೇ ಇರಲಿಲ್ಲ. ವಿಚಾರಣೆ ನಡೆದು, ಏನೂ ಸಾಬೀತಾಗದೆ, ಅಪ್ಪ ಮತ್ತೆ ಡ್ಯೂಟಿಗೆ ಹೋದರು, ಬೇರೆ ಊರಿಗೆ. ನನ್ನ ಇಂಗ್ಲಿಷ್ ಮೇಷ್ಟ್ರು ಬದಲಾದದ್ದೂ ಹಾಗೇ.

ಏಕವಚನ, ಬಹುವಚನದ ಈ ಆಟ ನಮ್ಮ ಕಾನೂನಿಗೂ ಹೊಸದಲ್ಲ. ಡಕಾಯಿತಿಯನ್ನು ತೆಗೆದುಕೊಳ್ಳಿ. ಹಿಂದಿಯಿಂದ ಇಂಗ್ಲಿಷಿಗೆ ಹೋಗಿ ಅಲ್ಲಿಂದ ದಂಡ ಸಂಹಿತೆಗೆ ಬಂದ ಪದ. ಐಪಿಸಿಯ 391ನೇ ಕಲಮಿನ ಪ್ರಕಾರ ಕನಿಷ್ಠ ಐದು ಜನರಿದ್ದರೆ ಮಾತ್ರ ಅದು ಡಕಾಯಿತಿ. ಈಗಿನ ನ್ಯಾಯ ಸಂಹಿತೆಯಲ್ಲಿ ಕಲಮಿನ ಸಂಖ್ಯೆ 310 ಆಗಿದೆ, ಐದು ಮಾತ್ರ ಐದಾಗಿಯೇ ಉಳಿದಿದೆ. ಒಬ್ಬನೇ ಮಾಡಿದರೆ ಅದು ದರೋಡೆ ಅಷ್ಟೆ. ಪೊಲೀಸನಿಗೂ ಡಕಾಯಿತನಿಗೂ ಒಬ್ಬಂಟಿಯಾಗಿ ಅಸ್ತಿತ್ವವಿಲ್ಲ ಎಂದು ಅಪ್ಪನಿಗೆ ಹೇಳಿದಾಗ ಅವರು ಬಹಳ ಖುಷಿಪಟ್ಟರು. ನಿವೃತ್ತಿಯಾದ ಮೇಲೆ ಇದನ್ನು ತಮ್ಮದೇ ಮಾತೆಂದು ಹೋಟೆಲಿನಲ್ಲಿ ಹೇಳುತ್ತಿದ್ದರಂತೆ.

ಅದಕ್ಕೆ ಪ್ರತಿಯಾಗಿ ಅವರು ನನಗೊಂದು ಕೊಟ್ಟರು. ಕೋರ್ಟಿನಲ್ಲಿ ಸಾಕ್ಷಿ ಹೇಳಲು ನಿಂತಾಗ ವಕೀಲರೊಬ್ಬರು ಇವರತ್ತ ಕೈ ತೋರಿಸಿ ‘ದಿಸ್ ಪೊಲೀಸ್ ಆಫೀಸರ್’ ಎಂದರಂತೆ. ಅಪ್ಪನಿಗೆ ಕಿವಿ ನೆಟ್ಟಗಾಯಿತು. ನಮ್ಮ ಕನ್ನಡದಲ್ಲಿ ಆಫೀಸರ್ ಅಂದರೆ ಸ್ಟಾರ್ ಇರುವವರು. ಆದರೆ 2024ರವರೆಗೆ ಜಾರಿಯಲ್ಲಿದ್ದ 1872ರ ಸಾಕ್ಷ್ಯ ಕಾಯ್ದೆಯ 25ನೇ ಕಲಮಿಗೆ ಕಾನ್‌ಸ್ಟೇಬಲ್ ಕೂಡ ಪೊಲೀಸ್ ಆಫೀಸರೇ. ಆ ಕಲಮು ಹೇಳುತ್ತಿದ್ದುದೇನೆಂದರೆ, ಪೊಲೀಸ್ ಆಫೀಸರ್ ಮುಂದೆ ಆರೋಪಿ ಮಾಡಿದ ತಪ್ಪೊಪ್ಪಿಗೆಯನ್ನು ಅವನ ವಿರುದ್ಧ ಸಾಬೀತು ಮಾಡುವಂತಿಲ್ಲ. “ಇಡೀ ಸರ್ವೀಸಲ್ಲಿ ನನ್ನನ್ನ ಆಫೀಸರ್ ಅಂದಿದ್ದು ಒಂದೇ ಒಂದು ಕಾನೂನು. ಅದೂ ಇವನ ಮುಂದೆ ಆಡಿದ ಮಾತು ನಂಬಬ್ಯಾಡಿ ಅನ್ನೋದಕ್ಕೆ” ಎಂದು ಅಪ್ಪ ತೊಡೆ ತಟ್ಟಿ ನಕ್ಕಿದ್ದರು. ಎರಡು ಪದಗಳು, ಆದರೆ ಜೀವ ಉಳಿಸುವ, ಕಳೆಯುವ ಪದಗಳು. ಮಾದಕವಸ್ತು ಕಾಯ್ದೆಯಡಿ ತನಿಖೆ ಮಾಡುವ ಅಧಿಕಾರಿಯನ್ನು ಪೊಲೀಸ್ ಆಫೀಸರ್ ಅನ್ನಬೇಕೋ ಬೇಡವೋ ಎಂಬುದು ಸುಪ್ರೀಂ ಕೋರ್ಟಿನವರೆಗೆ ಹೋಗಿ, 2020ರಲ್ಲಿ ತೂಫಾನ್ ಸಿಂಗ್ ಪ್ರಕರಣದಲ್ಲಿ ಮೂವರು ನ್ಯಾಯಮೂರ್ತಿಗಳಲ್ಲಿ ಇಬ್ಬರು ಹೌದು ಎಂದರು, ಒಬ್ಬರು ಅಲ್ಲ ಎಂದರು. ಶಬ್ದಾರ್ಥದ ಪ್ರಶ್ನೆಗೆ ಎಷ್ಟೋ ಜನರ ಜೈಲುವಾಸ ನೇತುಬಿದ್ದಿತ್ತು.

ಮೇಷ್ಟ್ರ ನಿಯಮಕ್ಕೆ ಅಪವಾದಗಳಿವೆ ಎಂದು ತಿಳಿದದ್ದು ಅಪ್ಪ ತೀರಿಕೊಂಡ ಮೇಲೆ. ಮಗ ಲ್ಯಾಪ್‌ಟಾಪಿನಲ್ಲಿ ‘ದ ವೈರ್’ ಎಂಬ ಅಮೆರಿಕದ ಧಾರಾವಾಹಿ ನೋಡುತ್ತಿದ್ದ. ಬಾಲ್ಟಿಮೋರ್ ನಗರದ ಪೊಲೀಸರ ಕತೆ. ಅದರಲ್ಲಿ ಒಬ್ಬ ಇನ್ನೊಬ್ಬನನ್ನು ಹೊಗಳುವಾಗ ‘ಗುಡ್ ಪೊಲೀಸ್’ ಅನ್ನುತ್ತಾನೆ, ಒಬ್ಬನನ್ನೇ! ಬಾಲ್ಟಿಮೋರಿನ ಆಡುಮಾತಿನಲ್ಲಿ ‘ಎ ಪೊಲೀಸ್’ ನಡೆಯುತ್ತದೆ. ಸ್ಕಾಟ್ಲೆಂಡಿನವರೂ ಒಬ್ಬ ಪೊಲೀಸನನ್ನು ‘ಎ ಪೋಲಿಸ್’ ಅನ್ನುತ್ತಾರೆ, ಮೊದಲಕ್ಷರಕ್ಕೆ ಒತ್ತು ಕೊಟ್ಟು, ಹೆಚ್ಚುಕಡಿಮೆ ನಮ್ಮ ಊರಿನವರ ಹಾಗೆ. ಒಂದು ಭಾಷೆಯ ಜನ ಎರಡು ಕಡೆ ಹೀಗೆ ಅನ್ನುತ್ತಾರೆಂದರೆ ನನ್ನ ಆರನೇ ಕ್ಲಾಸಿನ ವಾಕ್ಯ ಪರೀಕ್ಷೆಗೆ ತಪ್ಪಿರಬಹುದು, ಪ್ರಪಂಚಕ್ಕಲ್ಲ. ಮೇಷ್ಟ್ರಿಗೆ ಹೇಳೋಣವೆಂದರೆ ಅವರೂ ಇಲ್ಲ.

ಕಳೆದ ಜುಲೈಯಲ್ಲಿ ಎಂಟನೇ ಕ್ಲಾಸಿಗೆ ‘ಮೈ ಮದರ್’ ಕೊಟ್ಟಿದ್ದೆ. ಒಂದು ಹುಡುಗಿಯ ಮೊದಲ ಸಾಲು, ‘ಮೈ ಮದರ್ ಈಸ್ ಎ ಪೊಲೀಸ್’. ಕೆಂಪು ಪೆನ್ನು ಕೈಯಲ್ಲೇ ಇತ್ತು. ಬೇರೇನು ಬರೆಯಲಿ? ಪೊಲೀಸ್‌ಮ್ಯಾನ್ ಆಗದು. ಪೊಲೀಸ್‌ವುಮನ್ ಸರಿ, ಆದರೆ ಈಗೀಗ ಇಂಗ್ಲಿಷಿನವರೇ ಗಂಡು, ಹೆಣ್ಣು ಎನ್ನದೆ ಪೊಲೀಸ್ ಆಫೀಸರ್ ಅನ್ನುತ್ತಾರೆ. ಅಲ್ಲಿ ಡಬ್ಲ್ಯೂಪಿಸಿ ಎಂಬುದನ್ನು ಬಿಟ್ಟು ಬಹಳ ಕಾಲವಾಯಿತು, ನಮ್ಮ ಸ್ಟೇಷನ್ನುಗಳಲ್ಲಿ ಇನ್ನೂ ಇದೆ. ‘ಲೇಡಿ ಪೊಲೀಸ್’ ಎಲ್ಲರ ಬಾಯಲ್ಲೂ ಇರುವ ಪದ, ಯಾವ ಗ್ರಾಮರಿಗೂ ಸೇರದ್ದು. ಆಫೀಸರ್ ಎಂದು ಬರಿ ಅಂದೆ. ಹುಡುಗಿ ತಲೆ ಅಲ್ಲಾಡಿಸಿದಳು.

“ಮೇಡಂ, ನಮ್ಮಮ್ಮ ಆಫೀಸರ್ ಅಲ್ಲ. ಪೊಲೀಸ್.”

ಹೌದೆಂದು ಹೇಳಲೂ ಆಗದೆ, ಅಲ್ಲವೆಂದು ಸುತ್ತು ಹಾಕಲೂ ಆಗದೆ ಪುಸ್ತಕ ವಾಪಸು ಕೊಟ್ಟೆ. ಪೊಲೀಸ್ ಎಂಬುದು ಗುಂಪಿನ ಹೆಸರು, ಅಮ್ಮ ಅದರ ಒಳಗೆ ಇರುವವರು, ನೀನೇ ಯೋಚನೆ ಮಾಡಿ ಬರೆದುಕೊಂಡು ಬಾ ಅಂದೆ. ದನದ ಉದಾಹರಣೆ ಕೊಡಲಿಲ್ಲ.

ಮಾರನೆಯ ದಿನ ತಂದಳು. ‘ಮೈ ಮದರ್ ಈಸ್ ಇನ್ ದ ಪೊಲೀಸ್’ ಎಂದಿತ್ತು. ಎಷ್ಟು ಸರಿಯಾದ ಇಂಗ್ಲಿಷ್ ಎಂದರೆ ನನಗೇ ಆರನೇ ಕ್ಲಾಸಿನಲ್ಲಿ ಯಾರಾದರೂ ಹೇಳಿಕೊಟ್ಟಿದ್ದರೆ ಎನ್ನಿಸಿತು. ಎರಡನೇ ಸಾಲು, ‘ಟುಡೇ ಶೀ ಈಸ್ ನಾಟ್ ಇನ್ ದ ಹೌಸ್’. ಮೂರನೇ ಸಾಲು, ‘ಶೀ ಈಸ್ ಇನ್ ಬಂದೋಬಸ್ತ್’. ಆ ವಾರ ಊರಲ್ಲಿ ಯಾವುದೋ ಮೆರವಣಿಗೆ, ಅಮ್ಮ ಮೂರು ದಿನದಿಂದ ಮನೆಗೆ ಬಂದಿಲ್ಲ, ಅಜ್ಜಿ ಊಟ ಹಾಕುತ್ತಿದ್ದಾರೆ ಎಂದಳು. ಬಂದೋಬಸ್ತ್ ಇಂಗ್ಲಿಷ್ ನಿಘಂಟಿನಲ್ಲಿ ಇದೆ, ಸ್ಪೆಲ್ಲಿಂಗ್ ಮಾತ್ರ ವಿಚಿತ್ರ. ಪದವನ್ನು ಹಾಗೇ ಬಿಟ್ಟು, ‘ಇನ್’ ಅನ್ನು ಹೊಡೆದು ‘ಆನ್’ ಎಂದು ತಿದ್ದಿದೆ.